ಪಾಯಿಂಟ್ ರಾಯರು

ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಹಲವು ಬಗೆ. ದಿನಕ್ಕೆರಡು ಸಲ ಸೈಟಿಗೆ ಬಂದು ಇಟ್ಟಿಗೆ ಎಣಿಸುವವರು ಒಂದು ಬಗೆ. ನಿನ್ನೆ ಇಳಿಸಿದ ಸಿಮೆಂಟ್ ಮೂಟೆ ಇವತ್ತು ಒಂದು ಕಡಿಮೆ ಕಾಣುತ್ತದಲ್ಲ ಎಂದು ವಾಚ್‌ಮನ್ ಮುಖವನ್ನೇ ನೋಡುತ್ತಾ ನಿಲ್ಲುವವರು ಇನ್ನೊಂದು ಬಗೆ. ಎಲ್ಲವನ್ನೂ ಮೇಸ್ತ್ರಿಗೆ ಒಪ್ಪಿಸಿ, ಗೃಹಪ್ರವೇಶದ ದಿನ ಅಡುಗೆಮನೆಗೆ ಕಿಟಕಿಯೇ ಇಲ್ಲವೆಂದು ಕಂಡುಹಿಡಿಯುವವರು ಮತ್ತೊಂದು ಬಗೆ. ಪಾಯಿಂಟ್ ರಾಯರು ಈ ಯಾವ ಪಂಗಡಕ್ಕೂ ಸೇರಿದವರಲ್ಲ. ಗೋಡೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಅವರಿಗೆ ಚಿಂತೆಯಿಲ್ಲ. ಗೋಡೆಯೊಳಗೆ ಏನು ಹೋಗುತ್ತದೆ ಎಂಬುದೊಂದೇ ಅವರ ಚಿಂತೆ.

ರಾಯರಿಗೆ ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆ. ಇದು ಎಲೆಕ್ಟ್ರಿಷಿಯನ್ ಇಟ್ಟ ಹೆಸರು. ಎಲೆಕ್ಟ್ರಿಷಿಯನ್ ಲೆಕ್ಕದಲ್ಲಿ ಮನೆ ಎಂದರೆ ಹಾಲು, ರೂಮು, ಅಡುಗೆಮನೆ ಅಲ್ಲ, ಬರೀ ಪಾಯಿಂಟು. ಲೈಟ್ ಪಾಯಿಂಟ್, ಫ್ಯಾನ್ ಪಾಯಿಂಟ್, ಗೀಸರ್ ಪಾಯಿಂಟ್, ಎಸಿ ಪಾಯಿಂಟ್ ಎಂದು ಎಣಿಸಿ ಕೂಲಿ ಹೇಳುತ್ತಾನೆ. ರಾಯರು ಆ ಪಟ್ಟಿಗೆ ‘ಡೇಟಾ ಪಾಯಿಂಟ್’ ಎಂಬ ಹೊಸ ಸಾಲು ಸೇರಿಸಿದರು. ಮೊದಲ ವಾರ ಆ ಸಾಲಿನಲ್ಲಿ 6 ಇತ್ತು. ಮೋಲ್ಡ್ ಹಾಕುವ ಹೊತ್ತಿಗೆ 26 ಆಗಿತ್ತು. ಅಷ್ಟರಲ್ಲಿ ರಾಯರಿಗೆ ಹೆಸರೂ ಬಂದಾಗಿತ್ತು.

ಬೆಂಗಳೂರಿನ ಅಂಚಿನಲ್ಲಿ, ಮೈಸೂರಿನ ವರ್ತುಲ ರಸ್ತೆಯಾಚೆ, ಹುಬ್ಬಳ್ಳಿಯ ಹೊಸ ಲೇಔಟುಗಳಲ್ಲಿ ಇಂಥ ರಾಯರು ಈಗ ಬೀದಿಗೊಬ್ಬರು ಸಿಗುತ್ತಾರೆ. ವಯಸ್ಸು ನಲವತ್ತರ ಆಸುಪಾಸು, ಕೆಲಸ ಕಂಪ್ಯೂಟರಿನದು, ಸೈಟು ಮೂವತ್ತು ನಲವತ್ತು, ಸಾಲ ಇಪ್ಪತ್ತು ವರ್ಷದ್ದು. 2020ರ ಲಾಕ್‌ಡೌನ್ ಇವರ ಸಂತತಿಯನ್ನು ಬೆಳೆಸಿತು. ಆಗ ಬಾಡಿಗೆ ಮನೆಯ ಹಾಲಿನಲ್ಲಿದ್ದ ಒಂದೇ ಒಂದು ವೈಫೈ ಡಬ್ಬಿಯ ಮೇಲೆ ರಾಯರ ಮೀಟಿಂಗು, ಮಗಳ ಪಾಠ, ಅಮ್ಮನ ಪ್ರವಚನ ಮೂರೂ ಒಟ್ಟಿಗೆ ಬಿದ್ದಿದ್ದವು. ಬಾಸ್ ಮುಂದೆ ರಾಯರು ಬಾಯಿ ತೆರೆದಂತೆಯೇ ಸ್ತಬ್ಧವಾಗಿ ನಿಂತ ಚಿತ್ರ ಆಫೀಸಿನ ಗ್ರೂಪಿನಲ್ಲಿ ಓಡಾಡಿತು. ಸ್ವಂತ ಮನೆ ಕಟ್ಟಿಸಬೇಕೆಂದು ಅವರು ಸಂಕಲ್ಪ ಮಾಡಿದ್ದು ಆ ದಿನ. ಸೈಟು ಹುಡುಕುವುದಕ್ಕಿಂತ ಮುಂಚೆ ಕೇಬಲ್ ಹುಡುಕಿದರು.

ರಾಯರ ಸಿದ್ಧಾಂತ ಕೇಳಿದರೆ ತಲೆದೂಗಲೇಬೇಕು. “ಕಾಂಕ್ರೀಟ್ ಗೋಡೆ, ಒಳಗೆ ಕಬ್ಬಿಣ. ಇದನ್ನು ದಾಟೋ ಹೊತ್ತಿಗೆ ವೈಫೈ ಅರ್ಧ ಪ್ರಾಣ ಆಗಿರುತ್ತೆ. ಅದರಲ್ಲೂ 5 ಗಿಗಾಹರ್ಟ್ಸ್‌ದು ಎರಡು ಗೋಡೆ ದಾಟಿದ್ರೆ ಕೈಚೆಲ್ಲುತ್ತೆ. ತಂತಿ ಹಾಗಲ್ಲ ರೀ. ಕೊಟ್ಟಿದ್ದನ್ನು ಕೊಟ್ಟ ಹಾಗೇ ತಲುಪಿಸುತ್ತೆ.” ಇಲ್ಲಿಯವರೆಗೆ ರಾಯರು ಹೇಳಿದ್ದೆಲ್ಲ ಸರಿಯೇ. ತೊಂದರೆ ಶುರುವಾಗುವುದು ಅವರು ಇಲ್ಲಿಗೆ ನಿಲ್ಲಿಸದೆ ಇರುವುದರಿಂದ.

ಡೇಟಾ ತಂತಿಯಲ್ಲೂ ದರ್ಜೆಗಳಿವೆ. ಕ್ಯಾಟ್ 5ಇ ಕೇಬಲ್ ಸೆಕೆಂಡಿಗೆ 1 ಗಿಗಾಬಿಟ್‌ನಂತೆ 100 ಮೀಟರ್ ಒಯ್ಯುತ್ತದೆ. ಕ್ಯಾಟ್ 6 ಆದರೆ 55 ಮೀಟರಿನವರೆಗೆ 10 ಗಿಗಾಬಿಟ್. ಕ್ಯಾಟ್ 6ಎ ಅದೇ 10 ಗಿಗಾಬಿಟ್ಟನ್ನು ಪೂರಾ 100 ಮೀಟರಿಗೂ ಮುಟ್ಟಿಸುತ್ತದೆ. ಇನ್ನು ರಾಯರ ಸೈಟಿನ ಲೆಕ್ಕ. ಒಂದು ಬದಿ ಮೂವತ್ತು ಅಡಿ, ಇನ್ನೊಂದು ಬದಿ ನಲವತ್ತು. ಮೂಲೆಯಿಂದ ಮೂಲೆಗೆ ಸರಿಯಾಗಿ ಐವತ್ತು ಅಡಿ ಎಂದು ಮಟ್ಟ ಹಿಡಿಯುವ ಮೇಸ್ತ್ರಿಯೂ ಹೇಳುತ್ತಾನೆ. ಅಂದರೆ 15 ಮೀಟರು ಚಿಲ್ಲರೆ. ಗೋಡೆ ಹತ್ತಿ ಇಳಿದು ಮಹಡಿಗೆ ಹೋದರೂ ಕ್ಯಾಟ್ 6 ಧಾರಾಳವಾಗಿ ಸಾಕು. ರಾಯರು ತರಿಸಿದ್ದು ಕ್ಯಾಟ್ 6ಎ. ಮನೆಗೆ ಅವರು ಯೋಚಿಸಿದ್ದ ಇಂಟರ್‌ನೆಟ್ ಪ್ಲಾನ್ 100 ಎಂಬಿಪಿಎಸ್‌ನದು, ತಂತಿಯ ತಾಕತ್ತಿನಲ್ಲಿ ನೂರರ ಒಂದು ಪಾಲು. ಇದನ್ನು ಭಾವಮೈದ ಎತ್ತಿ ತೋರಿಸಿದಾಗ ರಾಯರು ಕರುಣೆಯಿಂದ ನಕ್ಕರು. “ಪ್ಲಾನ್ ಒಂದು ಫೋನ್ ಮಾಡಿದ್ರೆ ಬದಲಾಗುತ್ತೆ. ಗೋಡೆ ಬದಲಾಗುತ್ತೇನಯ್ಯ?”

ಕೇಬಲ್ ಕೊಳ್ಳಲು ಬೆಂಗಳೂರಿನ ಎಸ್‌.ಪಿ. ರಸ್ತೆಗೇ ಹೋಗಬೇಕು. ಒಂದು ಬಾಕ್ಸಿಗೆ 305 ಮೀಟರ್ ಇರುತ್ತದೆ, ಸಾವಿರ ಅಡಿ. ಅಗ್ಗದ ಬಾಕ್ಸಿನಲ್ಲಿ ಒಳಗೆಲ್ಲ ಅಲ್ಯೂಮಿನಿಯಂ, ಹೊರಗೆ ಮಾತ್ರ ತಾಮ್ರದ ತೆಳು ಲೇಪ ಇರುವುದುಂಟು. ಇದು ಬೇಗ ಮುರಿಯುತ್ತದೆ, ಕರೆಂಟ್ ಹಾಯಿಸಿದರೆ ಬಿಸಿಯೂ ಆಗುತ್ತದೆ. ರಾಯರು ಜೇಬಿನಿಂದ ಬ್ಲೇಡ್ ತೆಗೆದು ತಂತಿಯನ್ನು ಕೆರೆದರು, ಬೆಳಕಿಗೆ ಹಿಡಿದರು, ಬಾಕ್ಸನ್ನು ಎತ್ತಿ ತೂಕ ನೋಡಿದರು. ಮದುವೆ ಒಡವೆ ಕೊಳ್ಳಲು ಹೋದ ಅಜ್ಜಿ ಅಕ್ಕಸಾಲಿಗನ ಮುಂದೆ ಕೂತಂತೆ ಕೂತರು. ಅಂಗಡಿಯವನು ಕೊನೆಗೆ ಕೈಮುಗಿದು, “ಸಾರ್, ನೀವು ಒಪ್ಪಿದ್ದನ್ನೇ ಇನ್ಮೇಲೆ ಸ್ಟಾಕ್ ಮಾಡ್ತೀನಿ” ಎಂದ.

ಪಾಯಿಂಟುಗಳು ಆರರಿಂದ ಇಪ್ಪತ್ತಾರಕ್ಕೆ ಏರಿದ್ದು ಹೀಗೆ. ಟಿವಿ ಹಿಂದೆ ಎರಡು. ಓದುವ ಕೋಣೆಗೆ ನಾಲ್ಕು. ಒಂದೊಂದು ಮಲಗುವ ಕೋಣೆಗೂ ಎರಡೆರಡು, ಏಕೆಂದರೆ ಮಂಚ ಮುಂದೆ ಯಾವ ಗೋಡೆಗೆ ಸರಿಯುತ್ತದೋ ಬಲ್ಲವರಾರು. ಎರಡು ಮಹಡಿಯ ಚಾವಣಿಗೂ ಒಂದೊಂದು, ವೈಫೈ ಡಬ್ಬಿ ತೂಗುಹಾಕಲು. (ತಂತಿಯನ್ನೇ ನಂಬಿದ ಮನುಷ್ಯನಿಗೂ ಮೊಬೈಲು ಇರುತ್ತದಲ್ಲ.) ಕ್ಯಾಮರಾಗಳಿಗೆ ಮನೆಯ ನಾಲ್ಕು ಮೂಲೆ, ಬಾಲ್ಕನಿ, ಗೇಟು. ಸೋಲಾರ್ ಇನ್ವರ್ಟರಿಗೊಂದು. ಪಂಪಿನ ಹತ್ತಿರವೂ ಒಂದು, ನೀರು ತುಂಬಿದ್ದು ಆಫೀಸಿನಿಂದಲೇ ಗೊತ್ತಾಗಲಿ ಎಂದು. ಕೊನೆಗೆ ದೇವರಮನೆಗೂ ಒಂದು ಬಂತು.

“ದೇವರಮನೇಲಿ ಯಾತಕ್ಕೋ ಇದು?” ಎಂದರು ಅಮ್ಮ.

“ಸತ್ಯನಾರಾಯಣ ಪೂಜೆ ದಿನ ಅಮೆರಿಕದಿಂದ ಪುಟ್ಟಿ ನೋಡಬೇಕು ಅಂದ್ರೆ? ಮಂಗಳಾರತಿ ಹೊತ್ತಿಗೇ ಚಿತ್ರ ನಿಂತುಹೋದ್ರೆ?”

ಅಮ್ಮ ಒಂದು ಗಳಿಗೆ ಯೋಚಿಸಿದರು. “ಹಾಗಾದ್ರೆ ಅಡುಗೆಮನೇಲೂ ಒಂದು ಇರಲಿ ಕಣೋ. ಅವಳಿಗೆ ಹುಳಿ ಮಾಡೋದು ತೋರಿಸ್ಬೇಕು.”

ಇಪ್ಪತ್ತಾರನೆಯದು ಅದು. ಅಲ್ಲಿಗೆ, ಈ ತಂತಿಗಳನ್ನೆಲ್ಲ ಒಂದೆಡೆ ಜೋಡಿಸುವ 24 ಕಿಂಡಿಯ ನೆಟ್‌ವರ್ಕ್ ಸ್ವಿಚ್ ಸಾಲದಾಗಿ 48ರದ್ದೇ ಬೇಕಾಯಿತು. ಉಳಿದ 22 ಕಿಂಡಿ ಖಾಲಿ ಇರುತ್ತವಲ್ಲ ಎಂದು ರಾಯರಿಗೆ ಅಂದು ರಾತ್ರಿ ನಿದ್ದೆ ಬರಲಿಲ್ಲವಂತೆ.

ಎಲೆಕ್ಟ್ರಿಷಿಯನ್ ಈ ಕಥೆಯ ಎರಡನೇ ನಾಯಕ. ಅವನು ಹದಿನೈದು ವರ್ಷ ಗೋಡೆ ಕೊರೆದವನು. ರಾಯರದು ಮೂರು ತಿಂಗಳ ಓದು. ಸಹಜವಾಗಿಯೇ ಪಾಠ ಹೇಳಿದ್ದು ರಾಯರು. ಕರೆಂಟ್ ವೈರಿನ ಪಕ್ಕಕ್ಕೇ ಡೇಟಾ ಕೇಬಲ್ ಓಡಬಾರದು, ಅಂತರ ಇರಲಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟು. ತಿರುವಿನಲ್ಲಿ ಎಲ್ಬೋ ಬೇಡ, ಬೆಂಡ್ ಹಾಕು. ಕೇಬಲ್ಲಿನ ದಪ್ಪದ ನಾಲ್ಕು ಪಟ್ಟಿಗಿಂತ ಬಿಗಿಯಾಗಿ ಮಡಿಸಬಾರದು. ಎಲ್ಲಕ್ಕೂ “ಆಯ್ತು ಸಾರ್” ಎನ್ನುತ್ತಿದ್ದ ಎಲೆಕ್ಟ್ರಿಷಿಯನ್ ಕ್ಯಾಮರಾ ಪಾಯಿಂಟಿನ ಹತ್ತಿರ ತಡೆದ.

“ಇಲ್ಲಿಗೆ ಪ್ಲಗ್ ಎಲ್ಲಿ ಕೊಡ್ಲಿ ಸಾರ್?”

“ಪ್ಲಗ್ ಬೇಡಪ್ಪ. ಈ ಡೇಟಾ ಕೇಬಲ್ಲಲ್ಲೇ ಕರೆಂಟೂ ಹೋಗುತ್ತೆ. 2003ರಲ್ಲೇ ಸ್ಟಾಂಡರ್ಡ್ ಬಂದಿದೆ, 15.4 ವಾಟ್.”

ಎಲೆಕ್ಟ್ರಿಷಿಯನ್ ಮುಖ ಅರಳಿತು. “ಒಳಗೆ ಕರೆಂಟ್ ಹೋಗುತ್ತೆ ಅಂದ್ಮೇಲೆ ಇದೂ ಕರೆಂಟ್ ವೈರೇ ಆಯ್ತಲ್ಲ ಸಾರ್? ಎರಡನ್ನೂ ಒಂದೇ ಪೈಪಲ್ಲಿ ಎಳೆದುಬಿಡ್ತೀನಿ!”

ಆ ತರ್ಕವನ್ನು ಮುರಿಯಲು ರಾಯರಿಗೆ ಅರ್ಧ ದಿನ ಹಿಡಿಯಿತು. 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬ ಅಮೆರಿಕದವರು ಕಂಪ್ಯೂಟರುಗಳನ್ನು ತಂತಿಯಲ್ಲಿ ಬೆಸೆಯುವ ಈಥರ್ನೆಟ್ಟಿನ ಕಲ್ಪನೆಯನ್ನು ಕಾಗದದ ಮೇಲೆ ಇಳಿಸಿದ್ದರಿಂದ ಹಿಡಿದು ವಿವರಿಸಿದರು. ಎಲೆಕ್ಟ್ರಿಷಿಯನ್ ಪೂರ್ತಿ ಕೇಳಿ, ಟೀ ಮುಗಿಸಿ, ಒಂದೇ ಮಾತು ಹೇಳಿದ. “ಅಷ್ಟೆಲ್ಲ ಯಾಕೆ ಸಾರ್, ಎಲ್ಲಾ ಕಡೆ ಒಂದೊಂದು ಖಾಲಿ ಪೈಪ್ ಎಕ್ಸ್‌ಟ್ರಾ ಬಿಟ್ಟು ದಾರ ಹಾಕಿಡೋಣ. ಮುಂದೆ ಯಾವ ವೈರ್ ಬರುತ್ತೋ ಅದನ್ನ ಎಳ್ಕೊಳ್ಳಿ.” ರಾಯರ ಮೂರು ತಿಂಗಳ ಓದಿನ ಸಾರಾಂಶವೂ ಅದೇ ಆಗಿತ್ತು. ಆದರೆ ಅದನ್ನು ಇವನು ಓದದೆ ಹೇಳಿದ್ದು ಅವರಿಗೆ ಹಿಡಿಸಲಿಲ್ಲ.

ಮೋಲ್ಡ್ ದಿನ ರಾಯರನ್ನು ನೋಡಬೇಕಿತ್ತು. ಉಳಿದ ಯಜಮಾನರು ಆ ದಿನ ಕಾಯಿ ಒಡೆದು, ಗ್ಯಾಂಗಿನವರಿಗೆ ಊಟದ ವ್ಯವಸ್ಥೆ ಮಾಡಿ, ಮೋಡ ನೋಡುತ್ತಾ ಕೂರುತ್ತಾರೆ. ರಾಯರು ಕಬ್ಬಿಣದ ಜಾಲದ ಮೇಲೆ ಬಗ್ಗಿ ಬಗ್ಗಿ ನಡೆಯುತ್ತಾ ಒಂದೊಂದು ಪೈಪಿನ ಪಕ್ಕವೂ ಟೇಪು ಇಟ್ಟು ಫೋಟೋ ತೆಗೆದರು. ಕಾಂಕ್ರೀಟ್ ನುಗ್ಗಬಾರದೆಂದು ಪೈಪುಗಳ ಬಾಯಿಗೆ ಹಳೆ ಪೇಪರ್ ತುರುಕಿದರು. ಬಾಂಡ್ಲಿ ಹೊತ್ತು ಬರುವವರಿಗೆ “ಅಮ್ಮಾ, ಪೈಪ್ ತುಳೀಬೇಡಿ, ಅಣ್ಣಾ, ಜಾಯಿಂಟ್ ಜೋಪಾನ” ಎಂದು ಕೂಗಿ ಕೂಗಿ ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿಸಿಕೊಂಡರು. ಮೇಸ್ತ್ರಿ ಮಾತ್ರ ಎಲೆಕ್ಟ್ರಿಷಿಯನ್ ಕಿವಿಯಲ್ಲಿ, “ಯಜಮಾನ್ರು ಮನೆ ಕಟ್ಟಿಸ್ತಾ ಇದ್ದಾರೋ, ಟೆಲಿಫೋನ್ ಆಫೀಸೋ?” ಎಂದ.

ರಾಯರನ್ನು ಕಂಡು ನಗುವುದು ಸುಲಭ. ಆದರೆ ಅವರ ಕಷ್ಟವನ್ನೂ ಸ್ವಲ್ಪ ನೋಡಬೇಕು. ಮುಂಬಾಗಿಲು ಯಾವ ದಿಕ್ಕಿಗೆಂದು ಹೇಳಿದ್ದು ವಾಸ್ತುವಿನವರು. ಮೆಟ್ಟಿಲು ಬೆಸಸಂಖ್ಯೆಯಲ್ಲಿರಬೇಕು ಎಂದದ್ದೂ ಅವರೇ. ಅಡುಗೆಕಟ್ಟೆಯ ಎತ್ತರ ಹೆಂಡತಿಯದು, ದೇವರಮನೆ ಬಾಗಿಲಿಗೆ ಎಷ್ಟು ಗಂಟೆ ಎಂಬುದು ಅಮ್ಮನದು, ಹೊರಗಿನ ಬಣ್ಣ ಮಗಳದು. ಸಾಲದ ಕಂತು ಮಾತ್ರ ರಾಯರದು. ಇಪ್ಪತ್ತು ವರ್ಷ ದುಡಿದು ತೀರಿಸಬೇಕಾದ ಮನೆಯಲ್ಲಿ ಯಾರೂ ಅಭಿಪ್ರಾಯ ಹೇಳದೆ ಉಳಿದದ್ದು ಗೋಡೆಯೊಳಗಿನ 25 ಮಿಲಿಮೀಟರ್ ಜಾಗ ಒಂದೇ. ಅಲ್ಲಿ ಅವರು ತಮ್ಮ ರಾಜ್ಯ ಕಟ್ಟಿಕೊಂಡರು.

ಆ ರಾಜ್ಯಕ್ಕೆ ರಾಜಧಾನಿ ಹುಡುಕುವುದು ಮಾತ್ರ ಕಷ್ಟವಾಯಿತು. ಎಲ್ಲ ತಂತಿಗಳೂ ಬಂದು ಸೇರುವ ರ‍್ಯಾಕ್ ಎಲ್ಲಿಡಬೇಕು? ಮೆಟ್ಟಿಲ ಕೆಳಗೆ ಎಂದರು ರಾಯರು. “ಅಲ್ಲಿ ಅಕ್ಕಿ ಡ್ರಮ್ಮು, ಗೊಂಬೆ ಪೆಟ್ಟಿಗೆ ಇಡೋದು ಅಂತ ಪಾಯ ತೆಗೆದ ದಿನವೇ ಹೇಳಿದ್ದೀನಿ ರೀ” ಎಂದರು ಹೆಂಡತಿ. ವಾಸ್ತುವಿನವರನ್ನು ಕೇಳಿದರೆ, ವಿದ್ಯುತ್ತಿಗೆ ಸಂಬಂಧಿಸಿದ್ದೆಲ್ಲ ಆಗ್ನೇಯಕ್ಕೆ ಎಂದರು. ಆಗ್ನೇಯದಲ್ಲಿ ಒಲೆ ಉರಿಯುತ್ತದೆ. ಸಜ್ಜೆಯ ಮೇಲಿಟ್ಟರೆ ಬೇಸಿಗೆಯಲ್ಲಿ ಸ್ವಿಚ್ ಬೇಯುತ್ತದೆ. ಕೊನೆಗೆ ಅದು ಕೆಳಗಿನ ಮಲಗುವ ಕೋಣೆಯಲ್ಲಿ ರಾಯರ ಸ್ವಂತ ಬೀರುವಿನೊಳಗೆ ಕೂತಿತು. ರಾಯರ ಶರ್ಟುಗಳು ಈಗ ಮಗಳ ಬೀರುವಿನಲ್ಲಿವೆ.

ಗೃಹಪ್ರವೇಶಕ್ಕೆ ಬಂದ ನೆಂಟರು ತೇಗದ ಬಾಗಿಲನ್ನು ಸವರಿದರು, ಗ್ರಾನೈಟಿನ ದರ ಕೇಳಿದರು, ಬಚ್ಚಲುಮನೆಯ ನಲ್ಲಿ ತಿರುಗಿಸಿ ನೋಡಿದರು. ಬೀರುವಿನ ಬಾಗಿಲು ತೆರೆದು ನಿಂತಿದ್ದ ರಾಯರ ಬಳಿ ಸುಳಿದವರು ಒಬ್ಬರೇ, ಸೋದರಮಾವ. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಕನ್ನಡಕ ಏರಿಸಿಕೊಂಡು ಒಂದು ತಂತಿಯ ತುದಿ ಹಿಡಿದು, “ನೀಲಿ, ಕಿತ್ತಳೆ, ಹಸಿರು, ಕಂದು. ನಮ್ಮ ಜೆಲ್ಲಿ ಕೇಬಲ್ಲಿನ ಬಣ್ಣಗಳೇ ಕಣಯ್ಯ ಇವು!” ಎಂದರು. ಫೋನಿನ ಜೋಡಿಗಳ ಬಣ್ಣವೇ ಕಂಪ್ಯೂಟರಿನ ಜೋಡಿಗಳಿಗೂ ಬಂದಿದೆ ಎಂದು ರಾಯರು ಉಬ್ಬಿ ವಿವರಿಸಿದರು. “ಗೋಡೆ ಒಳಗೆ ಎಲ್ಲೂ ಜಾಯಿಂಟ್ ಮಾಡಿಲ್ಲ ತಾನೇ?” “ಒಂದೂ ಇಲ್ಲ ಮಾವ.” “ಭೇಷ್.” ಅಮ್ಮ ಎರಡು ಸಲ ಊಟಕ್ಕೆ ಕರೆದರು. ಇಬ್ಬರೂ ಏಳಲಿಲ್ಲ. ಆ ಮನೆಗೆ ಅಷ್ಟು ಖರ್ಚು ಮಾಡಿದ್ದಕ್ಕೆ ರಾಯರಿಗೆ ಸಂದ ಮೊದಲ ಗೌರವ ಅದು.

ಆಮೇಲೆ ಮಾವ ಬೀರುವಿನ ಹಿಂದೆ, ಕೆಳಗೆ, ಪಕ್ಕಕ್ಕೆ ನೋಡಿ ಕೇಳಿದರು. “ಎಲ್ಲಾ ಸರಿ ಕಣಯ್ಯ, ಕಂಬದಿಂದ ಮನೆಯೊಳಕ್ಕೆ ಬರೋ ಪೈಪ್ ಎಲ್ಲಿ?”

ರಾಯರು ಮಾತಾಡಲಿಲ್ಲ. ಇಪ್ಪತ್ತಾರು ಪಾಯಿಂಟಿಗೂ ಫೋಟೋ ಇತ್ತು. ರಸ್ತೆಯಿಂದ ರ‍್ಯಾಕಿಗೆ ಬರಬೇಕಾಗಿದ್ದ ಒಂದೇ ಒಂದು ಪೈಪಿಗೆ ಫೋಟೋ ಇರಲಿಲ್ಲ. ಪೈಪೇ ಇರಲಿಲ್ಲ.

ಮರುವಾರ ಫೈಬರ್ ಹುಡುಗ ಬಂದ. ಅಂಗಳಕ್ಕೆ ಗ್ರಾನೈಟ್ ಕೂತಾಗಿತ್ತು, ಗೋಡೆಗೆ ಬಣ್ಣ ಬಿದ್ದಾಗಿತ್ತು. ಅವನು ಕಂಬದಿಂದ ಪಕ್ಕದ ಸೈಟಿನ ಹೊಂಗೆಮರಕ್ಕೆ, ಹೊಂಗೆಮರದಿಂದ ಬಾಲ್ಕನಿಗೆ ತಂತಿ ಎಳೆದು, “ಡಬ್ಬಿ ಇಲ್ಲೇ ಇರ್ಲಿ ಸಾರ್, ಇದರಿಂದಾಚೆ ನಮಗೆ ಸಂಬಂಧ ಇಲ್ಲ” ಎಂದು ಕೈತೊಳೆದುಕೊಂಡ. ರ‍್ಯಾಕು ಕೆಳಗಿನ ಬೀರುವಿನಲ್ಲಿ, ಇಂಟರ್‌ನೆಟ್ಟು ಮೇಲಿನ ಬಾಲ್ಕನಿಯಲ್ಲಿ. ಇಂಥ ಗಳಿಗೆಯಲ್ಲಿ ಬೇರೆಯವರಾದರೆ ತಲೆಮೇಲೆ ಕೈಹೊತ್ತು ಕೂರುತ್ತಿದ್ದರು. ರಾಯರು ಬಾಲ್ಕನಿಯ ಕ್ಯಾಮರಾ ಪಾಯಿಂಟನ್ನು ದಿಟ್ಟಿಸಿದರು. ಕ್ಯಾಮರಾ ಇನ್ನೂ ಬಂದಿರಲಿಲ್ಲ. ಆ ಪಾಯಿಂಟಿಗೆ ಫೈಬರ್ ಡಬ್ಬಿಯನ್ನು ಜೋಡಿಸಿ, ಇಂಟರ್‌ನೆಟ್ಟನ್ನು ಅದೇ ತಂತಿಯಲ್ಲಿ ಕೆಳಗಿನ ಬೀರುವಿಗೆ ಇಳಿಸಿದರು. ಇಡೀ ಮನೆ ಜೀವ ತಾಳಿತು. “ಅದಕ್ಕೇ ನಾನು ಬಡ್ಕೊಂಡಿದ್ದು, ಎಕ್ಸ್‌ಟ್ರಾ ಪಾಯಿಂಟ್ ಇರ್ಲಿ ಅಂತ” ಎಂದು ಅವರು ಅಂದು ಸಂಜೆ ಬೀದಿಗೆಲ್ಲ ಹೇಳಿದರು. ಮರೆತ ಪೈಪಿನ ವಿಷಯ ಆ ಭಾಷಣದಲ್ಲಿ ಇರಲಿಲ್ಲ.

ಈಗ ಆ ಬೀದಿಯಲ್ಲಿ ಯಾರು ಗುದ್ದಲಿ ಪೂಜೆ ಮಾಡಿದರೂ ಪುರೋಹಿತರು ಎದ್ದ ಕೂಡಲೇ ರಾಯರು ಹಾಜರು. “ಮೊದಲು ಕಂಬದಿಂದ ಒಂದು ಖಾಲಿ ಪೈಪ್ ಬಿಡಿ” ಎಂಬುದು ಅವರ ಹೊಸ ಉಪದೇಶ, ತಾವೇ ಕಂಡುಹಿಡಿದದ್ದೆಂಬಂತೆ. ಮಹಡಿಯಲ್ಲಿ ಮೀಟಿಂಗ್ ತುಂಡಾಗುವ ನೆರೆಯವರು ಮೊದಲು ನಗುತ್ತಿದ್ದರು, ಈಗ ನೋಟ್‌ಬುಕ್ ಹಿಡಿದು ಬರುತ್ತಾರೆ. ಅವರಿಗೆಲ್ಲ ಕೆಲಸ ಮಾಡಿಕೊಡುವವನು ಅದೇ ಎಲೆಕ್ಟ್ರಿಷಿಯನ್. ಮೊನ್ನೆ ಒಬ್ಬರು ಅವನ ಬಳಿ ದರ ವಿಚಾರಿಸಿದರು.

“ಡೇಟಾ ಪಾಯಿಂಟ್ ನಾರ್ಮಲ್ ಬೇಕಾ ಸಾರ್, ರಾಯರ ಮಾಡೆಲ್ ಬೇಕಾ?”

“ರಾಯರ ಮಾಡೆಲ್ಲಿಗೆ ರೇಟ್ ಎಷ್ಟು ಜಾಸ್ತಿ?”

“ರೇಟ್ ಅಷ್ಟೇ ಸಾರ್” ಎಂದ ಅವನು. “ರಾಯರನ್ನ ಸೈಟಿಗೆ ಕರ್ಕೊಂಡು ಬಂದ್ರೆ ಮಾತ್ರ ಡಬಲ್.”