ಬೀಗದ ಕೈ ಯಾರ ಕೈಲಿ?

(ಬೆಂಗಳೂರು. ಮೇಲಿನ ಮನೆ ಬಾಡಿಗೆಯವನು ಕೆಳಗಿಳಿದು ಬಂದಿದ್ದಾನೆ. ಓನರ್ ಕಾಫಿ ಕುಡೀತಿದ್ದಾರೆ, ಒಬ್ಬರೇ.)

ಬಾಡಿಗೆಯವನು: ಅಂಕಲ್, ಜರ್ಮನಿಯಲ್ಲಿ ಕೆಲಸ ಸಿಕ್ತು. ಮುಂದಿನ ತಿಂಗಳು ಮನೆ ಖಾಲಿ ಮಾಡ್ತೀವಿ.

ಓನರ್: ಸಂತೋಷ ಕಣಪ್ಪಾ! ಆದ್ರೆ ಅಗ್ರಿಮೆಂಟು ಹನ್ನೊಂದು ತಿಂಗಳದ್ದು, ಆಗಿರೋದು ಏಳೇ.

ಬಾಡಿಗೆಯವನು: ಅದ್ಯಾಕೆ ಹನ್ನೊಂದು?

ಓನರ್: ವರ್ಷ ದಾಟಿದ್ರೆ ನೋಂದಣಿ ಮಾಡಿಸ್ಬೇಕು. ನಾನು ಕಾನೂನಿಗೆ ಹೆದರೋನು.

ಬಾಡಿಗೆಯವನು: ತಿಂಗಳು ಮುಂಚೆ ಹೇಳಿದ್ರೆ ಸಾಕು ಅಂತಿತ್ತಲ್ಲ?

ಓನರ್: ಅದು ನಾನು ಬಿಡಿಸೋವಾಗ. ನೀನು ಬಿಟ್ರೆ ಲಾಕ್-ಇನ್ನು.

ಬಾಡಿಗೆಯವನು: ಅದಕ್ಕೇ ಬೀಗದ ಕೈ ಎರಡೂ ನಿಮ್ಮತ್ರ!

ಓನರ್: ಹತ್ತು ತಿಂಗಳ ಅಡ್ವಾನ್ಸಲ್ಲಿ ಎರಡು ಮುರ್ಕೋತೀನಿ. ಪೇಂಟಿಂಗಿಗೆ ಇನ್ನೊಂದು.

ಬಾಡಿಗೆಯವನು: ನಾವು ಬಂದಾಗ ಪೇಂಟೇ ಹೊಡೆಸಿರಲಿಲ್ಲ...

ಓನರ್: ಹಿಂದಿನವರು ಕೊಟ್ಟ ಪೇಂಟಿನ ದುಡ್ಡು ಹಾಗೇ ಇದೆ. ನಾನು ದುಂದುಗಾರ ಅಲ್ಲ.

ಬಾಡಿಗೆಯವನು: (ಓನರ್ ಕೊಟ್ಟ ಲೆಕ್ಕದ ಚೀಟಿ ನೋಡಿ) ಮೂರು ಮೊಳೆಗೂ ದುಡ್ಡು ಹಾಕಿದ್ದೀರಿ. ಅವು ಮೊದಲೇ ಇದ್ವು.

ಓನರ್: ಕ್ಯಾಲೆಂಡರ್ ನೇತುಹಾಕಿದ್ದು ನೀವೇ ತಾನೆ?

ಬಾಡಿಗೆಯವನು: 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸು, ಅಂಕಲ್.

ಓನರ್: ಮಾದರಿ ಮನೆ ನೋಡಿದ್ದೀಯಾ? ಅದರಲ್ಲಿ ಯಾರೂ ವಾಸ ಮಾಡಲ್ಲ.

ಬಾಡಿಗೆಯವನು: ಉಳಿದ ದುಡ್ಡು?

ಓನರ್: ಹೊಸಬರು ಅಡ್ವಾನ್ಸ್ ಕೊಡ್ಲಿ. ನಿನ್ನದನ್ನ ಹಿಂದಿನವರಿಗೆ ಕೊಟ್ಟೆನಲ್ಲ!

(ಟು-ಲೆಟ್ ಬೋರ್ಡು ಗೇಟಿಗೆ ಆಗಲೇ ಬಿದ್ದಿತ್ತು. ಬಾಡಿಗೆ ಐದು ಸಾವಿರ ಜಾಸ್ತಿ.)