ಅಪಘಾತಕ್ಕೆ ಬೆನ್ನು ತೋರಿಸಿದ ಪಾದ್ರಿ

ಎದುರಿನಿಂದ ಲಾರಿ ನುಗ್ಗಿ ಬರುತ್ತಿದೆ. ಇನ್ನು ಬ್ರೇಕ್ ತುಳಿದು ಪ್ರಯೋಜನವಿಲ್ಲ. ಗಾಬರಿಯಾಗಬೇಡಿ. ಕೂತ ಸೀಟನ್ನು ಗರ್ರನೆ ತಿರುಗಿಸಿ, ಲಾರಿಗೆ ಬೆನ್ನು ಹಾಕಿ ಕುಳಿತುಬಿಡಿ. ಬೀಳುವ ಪೆಟ್ಟನ್ನು ಸೀಟಿನ ಬೆನ್ನೊರಗು ನೋಡಿಕೊಳ್ಳುತ್ತದೆ. ಲಾರಿಯ ಮುಖ ನೋಡುವ ಸಂಕಟವೂ ತಪ್ಪಿತು.

ಇದು ಹುಚ್ಚಾಸ್ಪತ್ರೆಯ ಮಾತಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರ್ಯಾನ್‌ಫರ್ಡ್ ಊರಿನ ಕ್ಯಾಥೊಲಿಕ್ ಪಾದ್ರಿ ಆಲ್ಫ್ರೆಡ್ ಜುಲಿಯಾನೋ 1957ರಲ್ಲಿ ಕಟ್ಟಿ ಮುಗಿಸಿದ 'ಅರೋರಾ' ಕಾರಿನ ಏರ್ಪಾಡು. ಸತ್ತ ಮೇಲಿನ ಭದ್ರತೆ ಹೇಗೂ ಅವರ ಇಲಾಖೆಯದೇ. ಸಾಯುವ ಮೊದಲಿನದಕ್ಕೂ ಕೈ ಹಾಕಿದ್ದು ಅಧಿಕಪ್ರಸಂಗವಾಯಿತು.

ಹಳೇ ಬ್ಯೂಯಿಕ್ ಚಾಸಿಯ ಮೇಲೆ ಫೈಬರ್ ಗ್ಲಾಸಿನ ಮೈ. ತಲೆ ಹೋಗಿ ಗಾಜಿಗೆ ಬಡಿಯುತ್ತದೆಯೇ? ಹಾಗಾದರೆ ಗಾಜನ್ನೇ ತಲೆಯಿಂದ ದೂರ ಸರಿಸೋಣ ಎಂದು ಮುಂದಿನ ಗಾಜನ್ನು ಪೂರಿಯಂತೆ ಹೊರಕ್ಕೆ ಉಬ್ಬಿಸಿದರು. ದಾರಿಹೋಕನಿಗೆ ಗುದ್ದಿದರೆ ಅವನನ್ನು ಮೆಲ್ಲಗೆ ಎತ್ತಿಕೊಳ್ಳಲಿ ಎಂದು ಮೂತಿಗೆ ಫೋಮ್ ತುಂಬಿದರು. ಬಾಯಿ ಕಳೆದ ಆ ಮೂತಿ ಕಂಡ ದಾರಿಹೋಕ ಗುದ್ದಿಸಿಕೊಳ್ಳುವ ಮೊದಲೇ ಓಡಿಹೋಗುವುದು ಖಂಡಿತ. ಇದಲ್ಲದೆ ಸೀಟ್ ಬೆಲ್ಟು, ಮೆತ್ತೆ ಹೊದ್ದ ಡ್ಯಾಶ್‌ಬೋರ್ಡು, ಎದೆಗೆ ಚುಚ್ಚದೆ ಕುಸಿಯುವ ಸ್ಟಿಯರಿಂಗ್ ಕಂಬ, ಬಾಗಿಲ ಬದಿಗೆ ಉಕ್ಕಿನ ಅಡ್ಡಪಟ್ಟಿ. ಎಲ್ಲವನ್ನೂ ಯೋಚಿಸಿದ್ದ ಪಾದ್ರಿ ಒಂದನ್ನು ಮಾತ್ರ ಮರೆತರು. ಕಾರು ಓಡಬೇಕು ಎಂಬುದನ್ನು.

ಪತ್ರಕರ್ತರಿಗೆ ತೋರಿಸಲೆಂದು ನ್ಯೂಯಾರ್ಕಿಗೆ ಹೊರಟ ದಿನ ಅರೋರಾ ದಾರಿಯಲ್ಲಿ 15 ಸಲ ಕೆಟ್ಟು ನಿಂತಿತು. ವರ್ಷಗಟ್ಟಲೆ ಸುಮ್ಮನೆ ನಿಂತಿದ್ದ ಚಾಸಿ, ಪೆಟ್ರೋಲ್ ಕೊಳವೆಯ ತುಂಬ ಕೊಳೆ. 7 ಗ್ಯಾರೇಜುಗಳ ತೀರ್ಥಯಾತ್ರೆ ಮುಗಿಸಿ, ಗಂಟೆಗಟ್ಟಲೆ ತಡವಾಗಿ ತಲುಪಿತು. ಪಾದ್ರಿಯ ಮೈಗೆ ಒಂದು ಗೀರೂ ಬಿದ್ದಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಮೆಚ್ಚಲಿಲ್ಲ.

ಕಟ್ಟಲು ಸುಮಾರು 30,000 ಡಾಲರ್ ಹಿಡಿದಿದ್ದ ಕಾರಿಗೆ ಹೇಳಿದ ಬೆಲೆ 12,000. ಒಬ್ಬನೇ ಒಬ್ಬ ಗಿರಾಕಿ ಬರಲಿಲ್ಲ. ಬರುವುದಾದರೂ ಹೇಗೆ? ಹಿಂದಿನ ವರ್ಷವಷ್ಟೇ ಫೋರ್ಡ್ ಕಂಪನಿ ಸುರಕ್ಷತೆಯನ್ನೇ ಜಾಹೀರಾತಿನ ಮಂತ್ರ ಮಾಡಿಕೊಂಡಿತ್ತು. ಆದರೂ ಆ ವರ್ಷ ಹೆಚ್ಚು ಮಾರಾಟವಾದದ್ದು ಎದುರಾಳಿ ಷೆವ್ರಲೆ. ಕಾರು ಕೊಳ್ಳುವವನಿಗೆ ಬೇಕಾದದ್ದು ತನ್ನ ಪ್ರಾಣವಲ್ಲ, ಪಕ್ಕದ ಮನೆಯವನ ಹೊಟ್ಟೆಯುರಿ ಎಂಬ ಸತ್ಯ ಕಾರು ಕಂಪನಿಗಳ ತವರು ಡೆಟ್ರಾಯಿಟಿಗೆ ಗೊತ್ತಿತ್ತು. ಅದಕ್ಕೇ ಅದು ಕಾರುಗಳ ಬೆನ್ನಿಗೆ ಮೀನಿನ ರೆಕ್ಕೆ ಅಂಟಿಸುತ್ತ ಕೂತಿತ್ತು. ಗುದ್ದಿದಾಗ ಆ ರೆಕ್ಕೆ ಯಾರನ್ನೂ ಕಾಪಾಡದು, ಆದರೆ ಶವಯಾತ್ರೆಗೂ ಒಂದು ಅಂದ ಬೇಡವೇ?

ಅಷ್ಟು ನಕ್ಕವರಿಗೇ ಆ ಹುಚ್ಚನ ಪಟ್ಟಿಯೊಳಗಿನ ಒಂದೊಂದೇ ಸರಕು ಕಾನೂನಾಗಿ ಬಂತು. 1968ರ ಜನವರಿ 1ರಿಂದ ಅಮೆರಿಕದಲ್ಲಿ ಹೊಸ ಕಾರುಗಳಿಗೆ ಸೀಟ್ ಬೆಲ್ಟು ಕಡ್ಡಾಯ. ಕುಸಿಯುವ ಸ್ಟಿಯರಿಂಗೂ ಬಂತು, ಬಾಗಿಲ ಪಟ್ಟಿಯೂ ಬಂತು. ಕಡೆಗೆ, ಕೂಸುಗಳ ಕಾರ್ ಸೀಟನ್ನು ಹಿಂದಕ್ಕೆ ಮುಖ ಮಾಡಿ ಕೂರಿಸುವುದೇ ಕ್ಷೇಮವೆಂದು ತಜ್ಞರೇ ಹೇಳುವ ಕಾಲವೂ ಬಂತು. ನಮ್ಮವರೇನು ಕಡಿಮೆ? ಬೆಲ್ಟು ಹಾಕದಿದ್ದರೆ ಕಾರು ಕುಂಯ್‌ಗುಡುತ್ತದೆಂದು, ಬೆಲ್ಟಿಲ್ಲದ ಬರೀ ಕೊಂಡಿಯನ್ನು ದುಡ್ಡು ಕೊಟ್ಟು ತಂದು ಅದರ ಬಾಯಿಗೆ ತುರುಕುತ್ತಾರೆ. ಪ್ರಾಣ ಉಳಿಸುವ ಸಾಧನಕ್ಕಿಂತ ಅದರ ಬಾಯಿ ಮುಚ್ಚಿಸುವ ಸಾಧನಕ್ಕೇ ಗಿರಾಕಿಗಳು ಜಾಸ್ತಿ. ಪಾದ್ರಿ ಮಾರಬೇಕಿದ್ದದ್ದು ಅದನ್ನು.

ಸಾಲದಲ್ಲಿ ಮುಳುಗಿದ ಜುಲಿಯಾನೋ 1989ರಲ್ಲಿ ತೀರಿಕೊಂಡರು. ಕಾರು ಗ್ಯಾರೇಜೊಂದರ ಹಿತ್ತಲಿನಲ್ಲಿ ಬಿಸಿಲು ಮಳೆ ತಿನ್ನುತ್ತ ಬಿದ್ದಿತ್ತು. 1993ರಲ್ಲಿ ಇಂಗ್ಲೆಂಡಿನ ಆಂಡಿ ಸೌಂಡರ್ಸ್ ಅದನ್ನು ಕೊಂಡು, ಹಡಗಿನಲ್ಲಿ ಸಾಗಿಸಿ, ವರ್ಷಗಟ್ಟಲೆ ತಿದ್ದಿ ತೀಡಿದರು. ಜಗತ್ತಿನ ಅತಿ ಕುರೂಪಿ ಕಾರು ಎಂಬ ಬಿರುದು ಹೊತ್ತ ಅರೋರಾವನ್ನು ಕಡೆಗೂ ಜನ ಮುಗಿಬಿದ್ದು ನೋಡಿದರು. ಪಾದ್ರಿಯ ಸುರಕ್ಷಿತ ಕಾರಿಗೆ 2005ರಲ್ಲಿ ಮೆರವಣಿಗೆ ಸಿಕ್ಕ ಆ ಗುಡ್‌ವುಡ್ ಕಾರು ಜಾತ್ರೆಯ ಹೆಸರು 'ಫೆಸ್ಟಿವಲ್ ಆಫ್ ಸ್ಪೀಡ್'. ವೇಗದ ಹಬ್ಬ.