ಮಾನ್ಯ ಕ್ವಾಂಟಮ್ ಕಂಪ್ಯೂಟರ್ ಅವರಿಗೆ, ಯಾದಗಿರಿಯಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಯಾದಗಿರಿ, ಶಹಾಪುರ, ಸುರಪುರದ ಸಮಸ್ತರ ಶರಣು. ತಮ್ಮ ಪರಿವಾರಕ್ಕೆಂದು ಬೆಂಗಳೂರಿನ ಹೆಸರಘಟ್ಟದಲ್ಲಿ 6.17 ಎಕರೆ ಜಾಗ, ರಾಜ್ಯ ಸರ್ಕಾರದ 1,000 ಕೋಟಿ ರೂಪಾಯಿ, 2035ರ ಹೊತ್ತಿಗೆ 2 ಲಕ್ಷ ಉದ್ಯೋಗ ಎಂಬುದನ್ನೆಲ್ಲ ಪೇಪರಿನಲ್ಲಿ ಓದಿ ಸಂತೋಷವಾಯಿತು. ಪಾಯ ತೋಡುವ ಕೆಲಸವಿದ್ದರೆ ಮೊದಲೇ ತಿಳಿಸಿ. ಗುಳೆ ಹೋಗಿ ಬೆಂಗಳೂರು ಕಟ್ಟುವುದರಲ್ಲಿ ನಮ್ಮ ಜಿಲ್ಲೆಯವರದು ಪಳಗಿದ ಕೈ.

ತಾವೇ ನಮ್ಮ ಕಡೆ ಬರಲೆಂಬ ದುರಾಸೆ ನಮಗಿಲ್ಲ. ತಮ್ಮ ಬಳಗದ ಅತಿವಾಹಕ ಯಂತ್ರಗಳಿಗೆ ಮೈನಸ್ 273 ಡಿಗ್ರಿಗಿಂತ ಕೂದಲೆಳೆಯಷ್ಟೇ ಮೇಲಿನ ಚಳಿ ಬೇಕು. ನಮ್ಮ ಬೇಸಿಗೆ 42 ದಾಟುತ್ತದೆ. ಅಷ್ಟು ಚಳಿಯಲ್ಲಿಟ್ಟು ಸಾಕಿದರೂ ತಮ್ಮ ಲೆಕ್ಕದ ಮೂಲ ಘಟಕವಾದ ಕ್ಯೂಬಿಟ್ಟಿನ ನೆನಪು ಸೆಕೆಂಡಿನ ಒಂದು ಚೂರು ಹೊತ್ತು ನಿಂತರೆ ಹೆಚ್ಚು. ನಂಬಿ ಲೆಕ್ಕ ಒಪ್ಪಿಸಬಹುದಾದ ಒಂದು ಕ್ಯೂಬಿಟ್ ಬೇಕೆಂದರೆ ಅದರ ತಪ್ಪು ತಿದ್ದಲು ನೂರಾರು ಕ್ಯೂಬಿಟ್ ದುಡಿಯಬೇಕು. ಗೂಗಲ್‌ನ ವಿಲ್ಲೋ ಚಿಪ್ಪಿನಲ್ಲಿ ಇರುವುದೇ 105, ಬೆಂಗಳೂರಿನ ಕ್ಯೂಪಿಎಐ ಕಂಪನಿ 2025ರ ಏಪ್ರಿಲಿನಲ್ಲಿ ತೋರಿಸಿದ ಯಂತ್ರದಲ್ಲಿ 25. ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ಕೊಟ್ಟ ಸೂತ್ರ ಹಿಡಿದು ತಾವು ಒಂದು ದಿನ ಬ್ಯಾಂಕುಗಳ ಗೂಢಲಿಪಿಯ ಬೀಗ ಒಡೆಯುತ್ತೀರೆಂದು ಹೆದರಿ ಅಮೆರಿಕ 2024ರಲ್ಲೇ ಹೊಸ ಬೀಗದ ಮಾನದಂಡ ಹೊರಡಿಸಿತು. ನಮ್ಮವರ ಖಾತೆ ಖಾಲಿ ಮಾಡುವವರಿಗೆ ಇಷ್ಟೆಲ್ಲ ತಾಪತ್ರಯವಿಲ್ಲ. ಫೋನ್ ಮಾಡಿ ಒಟಿಪಿ ಕೇಳುತ್ತಾರೆ.

ತಮ್ಮಿಂದ ನಮಗೆ ನಿಜವಾಗಿ ಉಪಕಾರವಾಗುವುದಾದರೆ ಅದು ಗೊಬ್ಬರದ ವಿಷಯದಲ್ಲಿ. ಗೊಬ್ಬರ ಕಾರ್ಖಾನೆಯಲ್ಲಿ ಗಾಳಿಯ ಸಾರಜನಕವನ್ನು ಅಮೋನಿಯ ಮಾಡಲು 400 ಡಿಗ್ರಿಗೂ ಮೀರಿದ ಶಾಖ, ವಿಪರೀತ ಒತ್ತಡ ಬೇಕು. ಶಹಾಪುರದ ಹೊಲದಲ್ಲಿ ಒಂದು ತೊಗರಿ ಗಿಡ ಕಿತ್ತು ನೋಡಿ: ಬೇರಿಗೆ ಅಂಟಿದ ಸಣ್ಣ ಗಂಟುಗಳೊಳಗಿನ ಬ್ಯಾಕ್ಟೀರಿಯಗಳು ಅದೇ ಕೆಲಸವನ್ನು ಸದ್ದಿಲ್ಲದೆ ಮುಗಿಸಿರುತ್ತವೆ. ಅವುಗಳ ಕಿಣ್ವದೊಳಗಿನ ಕಬ್ಬಿಣ–ಮಾಲಿಬ್ಡಿನಮ್ ಗೊಂಚಲಿನಲ್ಲಿ ಎಲೆಕ್ಟ್ರಾನುಗಳು ನಡೆಸುವ ವ್ಯವಹಾರದ ಪೂರಾ ಲೆಕ್ಕ ಇಂದಿನ ಸೂಪರ್ ಕಂಪ್ಯೂಟರುಗಳಿಗೂ ಸಿಕ್ಕಿಲ್ಲ. ಅದನ್ನು ಬಿಡಿಸುವವರು ತಾವೇ ಎಂದು ವಿಜ್ಞಾನಿಗಳು ಕಾದಿದ್ದಾರೆ. ಯೂರಿಯಾಕ್ಕೆ ಸರದಿ ನಿಂತವರೂ ಕಾಯಬಲ್ಲರು; ಕಾಯುವುದು ಅವರಿಗೆ ಹೊಸದಲ್ಲ.

ಇನ್ನು ತಮ್ಮ ಆ ಪ್ರಸಿದ್ಧ ಗುಣ. ಯಾರೂ ಅಳೆಯದಿದ್ದಾಗ ಕ್ಯೂಬಿಟ್ ಸೊನ್ನೆಯೂ ಹೌದು, ಒಂದೂ ಹೌದು. ಅಳೆದೊಡನೆ ಕುಸಿದು ಎರಡರಲ್ಲೊಂದು. ಇದು ನಮಗೆ ಅರ್ಥವಾಗುವುದಿಲ್ಲವೆಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ನಮ್ಮ ಜಿಲ್ಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 75.49 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಇಟ್ಟು ನೋಡಿದರು. ನೋಡಿದೊಡನೆ ಶೇ 50.59! ಎರಡೂ ವರ್ಷ ರಾಜ್ಯಕ್ಕೆ ಕೊನೆಯ ಸ್ಥಾನ. ಕ್ಯಾಮೆರಾ ಮಕ್ಕಳನ್ನಷ್ಟೇ ನೋಡಿತು. ಪಾಠ ಮಾಡಬೇಕಿದ್ದ ಖಾಲಿ ಕುರ್ಚಿಗಳ ಕಡೆಗೆ ಅದನ್ನು ತಿರುಗಿಸುವುದು ಯಾರಿಗೂ ಹೊಳೆಯಲಿಲ್ಲ.

ಹಾಗೆ ನೋಡಿದರೆ ತಾವು ಇಲ್ಲಿಗೆ ಬರಬೇಕಾಗಿಯೂ ಇಲ್ಲ. ಐಬಿಎಂ 2016ರಲ್ಲೇ 5 ಕ್ಯೂಬಿಟ್ಟಿನ ಯಂತ್ರವನ್ನು ಇಂಟರ್ನೆಟ್ಟಿಗೆ ಬಿಟ್ಟಿತು. ದೂರದಿಂದಲೇ ತಮಗೆ ಕೆಲಸ ಹೇಳಬಹುದು. ತಮ್ಮ ಭಾಷೆ ಕಲಿಯುವ ಮೊದಲ ಮೆಟ್ಟಿಲು ಮ್ಯಾಟ್ರಿಕ್ಸ್, ವೆಕ್ಟರ್, ಸಂಕೀರ್ಣ ಸಂಖ್ಯೆ. ಇವೆಲ್ಲ ಪಿಯುಸಿ ಗಣಿತದಲ್ಲೇ ಇವೆ. 2025ರಲ್ಲಿ ಐದನೇ ತರಗತಿ ಮುಗಿಸಿದ ಸುರಪುರದ ಹುಡುಗಿ ಎಲ್ಲೂ ಫೇಲಾಗದೆ ಓದಿದರೆ 2035ರಲ್ಲಿ ಪದವೀಧರೆ. ತಮ್ಮ ಗಡುವೂ ಅದೇ ವರ್ಷ.

ಹೀಗಾಗಿ ಒಂದು ಶಿಫಾರಸು ಮಾಡಿಕೊಡಿ. ತಮ್ಮ ಚಳಿಯ ಖರ್ಚಿನಲ್ಲಿ ಪೈಸೆ ಕಡಿಮೆಯಾಗುವುದು ಬೇಡ. ಆದರೆ ಆ 2 ಲಕ್ಷ ಉದ್ಯೋಗಗಳ ಪಟ್ಟಿಯಲ್ಲಿ ಮೊದಲನೆಯದು ನಮ್ಮ ಸರ್ಕಾರಿ ಪ್ರೌಢಶಾಲೆಯ ಗಣಿತ ಮೇಷ್ಟ್ರದಾಗಲಿ. ಹುದ್ದೆ ಕಾಯಂ ಇರಲಿ; ಅತಿಥಿಗಳು ನಮ್ಮಲ್ಲಿ ಈಗಾಗಲೇ ಬೇಕಾದಷ್ಟು ಇದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಯಾದಗಿರಿ ಜಿಲ್ಲೆಯ ಒಬ್ಬ ಪಾಲಕ